ಪಂಪು ನಿಂತ ಮೇಲೆ

ನನ್ನ ಸೋದರಮಾವನ ಮನೆಯಲ್ಲಿ, ದೇವರ ಗೂಡಿನ ಪಕ್ಕದ ಕಪಾಟಿನಲ್ಲಿ, ಒಂದು ಗ್ರೀಸ್ ಡಬ್ಬಿ ಇದೆ. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಒಳಗಿರುವುದು ಈಗ ಗ್ರೀಸೂ ಅಲ್ಲದ, ಕಲ್ಲೂ ಅಲ್ಲದ ಏನೋ ಒಂದು. ಅತ್ತೆ ಅದನ್ನು ಎರಡು ಸಲ ಹಳೆ ಕಬ್ಬಿಣದವನಿಗೆ ಹಾಕಲು ನೋಡಿ, ಎರಡು ಸಲವೂ ಬೈಸಿಕೊಂಡಿದ್ದಾರೆ. ಮಾವ ಕೋಲಾರದ ಚಿನ್ನದ ಗಣಿಯಲ್ಲಿ ಫಿಟರ್ ಆಗಿದ್ದರು. ನೆಲದ ಮೇಲಿನ ಕೆಲಸ, ವೈಂಡಿಂಗ್ ಎಂಜಿನ್ ಮನೆಯಲ್ಲಿ. ಶಾಫ್ಟಿನೊಳಕ್ಕೆ, ಅಂದರೆ ಗಣಿಯ ಬಾವಿಯೊಳಕ್ಕೆ, ಜನರನ್ನು ಹೊತ್ತ ಕೇಜ್ ಇಳಿಸುವ, ಮೇಲೆತ್ತುವ ಉಕ್ಕಿನ ಹಗ್ಗ ಸುತ್ತಿಕೊಳ್ಳುವ ದೊಡ್ಡ ಡ್ರಮ್ಮು ಅವರ ಉಸ್ತುವಾರಿ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಡಬ್ಬಿಯಲ್ಲಿರುವುದು ಆ ದಿನ ಬೇರಿಂಗಿಗೆ ಹಾಕಿ ಉಳಿದ ಗ್ರೀಸು ಎನ್ನುತ್ತಾರೆ. ಮರುದಿನ ಎಂಜಿನ್ ತಿರುಗುವುದಿಲ್ಲ ಎಂದು ಗೊತ್ತಿದ್ದೂ ಹಾಕಿದಿರಾ ಎಂದು ಒಮ್ಮೆ ಕೇಳಿದ್ದೆ. "ಹಾಕದೆ ಬರುವುದು ಹೇಗೆ?" ಎಂದು ನನ್ನನ್ನೇ ತಿರುಗಿ ಕೇಳಿದರು.

ಕೆಜಿಎಫ್ ಅನ್ನು ಪ್ರವಾಸಿ ತಾಣ ಮಾಡಬೇಕು, ಕೈಗಾರಿಕಾ ಪರಂಪರೆಯನ್ನು ಉಳಿಸಬೇಕು ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಆ ಡಬ್ಬಿ ನೆನಪಾಗುತ್ತದೆ. ಮಾತು ಒಳ್ಳೆಯದೇ. ನಾನೂ ಆಡಿದ್ದೇನೆ. ಆದರೆ ಆ ಮಾತಿನಲ್ಲಿ ಬರುವ ಚಿತ್ರಗಳಲ್ಲಿ ಯಾವಾಗಲೂ ಒಂದು ಬಣ್ಣ ಬಳಿದ ಹೆಡ್‌ಗಿಯರ್ (ಶಾಫ್ಟಿನ ಮೇಲಿನ ಉಕ್ಕಿನ ಗೋಪುರ), ಒಂದು ಪ್ರವೇಶದ್ವಾರ, ಒಂದು ಕ್ಯಾಂಟೀನ್, ಉದ್ಘಾಟನೆಯ ಕಲ್ಲು ಇರುತ್ತವೆ. ಗ್ರೀಸ್ ಡಬ್ಬಿ ಇರುವುದಿಲ್ಲ.

ಬೆಂಗಳೂರಿನಿಂದ ಕೆಜಿಎಫ್‌ನ ಮಾರಿಕುಪ್ಪಕ್ಕೆ ಹೋಗುವ ರೈಲು ಬಂಗಾರಪೇಟೆಯಲ್ಲಿ ಮುಖ್ಯ ಹಳಿ ಬಿಟ್ಟು ಪಕ್ಕಕ್ಕೆ ಹೊರಳುತ್ತದೆ. ಈ ಕವಲು ಹಳಿಯನ್ನು ಹಾಕಿದ್ದೇ ಗಣಿಗಾಗಿ, 1894ರಲ್ಲಿ. ಕೋರಮಂಡಲ, ಉರಿಗಾಂ, ಚಾಂಪಿಯನ್ ಎಂದು ನಿಲ್ದಾಣಗಳ ಹೆಸರು ಬರುತ್ತಿದ್ದಂತೆ ಹೊರಗಿನ ನೋಟ ಬದಲಾಗುತ್ತದೆ. ಮೊದಲು ಬೂದು ಹಳದಿಯ ದಿಬ್ಬಗಳು. ಮರವಿಲ್ಲದ, ತುದಿ ಚಪ್ಪಟೆಯಾದ, ಮಳೆನೀರು ಕೊರೆದು ಪಟ್ಟಿ ಪಟ್ಟಿಯಾದ ಈ ದಿಬ್ಬಗಳನ್ನು ಹೊಸಬರು ಗುಡ್ಡವೆಂದೇ ತಿಳಿಯುತ್ತಾರೆ. ಅವು ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಹಿಟ್ಟು, ಸಯನೈಡ್ ದಿಬ್ಬಗಳು. ಅಲ್ಲಿ ರಾಶಿ ಬಿದ್ದಿರುವುದು ಮೂರು ಕೋಟಿ ಟನ್ನಿಗೂ ಹೆಚ್ಚು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಉಕ್ಕಿನ ಹೆಡ್‌ಗಿಯರ್ ಎದ್ದು ನಿಂತಿದೆ. ಎದುರಿನಿಂದ ಬರುವ ರೈಲು ಬೆಳಗಿನ ಹೊತ್ತಾದರೆ ತುಂಬಿ ತುಳುಕುತ್ತಿರುತ್ತದೆ. ಒಂದು ಕಾಲಕ್ಕೆ ಕೆಲಸ ಹುಡುಕಿಕೊಂಡು ಜನ ಬರುತ್ತಿದ್ದ ಊರಿನಿಂದ ಈಗ ಪ್ರತಿದಿನ ಸಾವಿರಾರು ಜನ ಕೆಲಸಕ್ಕಾಗಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ.

ಈ ಊರಿನ ಕಥೆ ಗೊತ್ತಿರುವವರಿಗೆ ನಾನು ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಇಲ್ಲಿಗೆ ಕಾಲಿಟ್ಟಿತು. ನಂತರದ 120 ವರ್ಷಗಳಲ್ಲಿ ಹೊರಬಂದ ಚಿನ್ನ ಸುಮಾರು 800 ಟನ್. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಅಲ್ಲಿಯ ಬಂಡೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಈ ಗಣಿಗೆ ವಿದ್ಯುತ್ ಬೇಕೆಂದೇ ಶಿವನಸಮುದ್ರದಲ್ಲಿ ಕಾವೇರಿಗೆ ಟರ್ಬೈನ್ ಕೂರಿಸಿ, 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿ ಎಳೆದರು. ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸಿದ್ದು ಆಗ ಲೋಕದಲ್ಲೇ ಅಪರೂಪ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ. ರಾಜಧಾನಿಗಿಂತ ಮೊದಲು ಗಣಿಗೆ ಬೆಳಕು! ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. 1965ರಲ್ಲಿ ಇದೇ ಗಣಿಯ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆಗೂಡಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಹಿಡಿದರು. ಆಕಾಶದಿಂದ ಬರುವ ಕಣವನ್ನು ಹಿಡಿಯಲು ಪಾತಾಳಕ್ಕೆ ಇಳಿಯಬೇಕಾಯಿತು. ಮಾವನಿಗೆ ಇದರಲ್ಲಿ ಆಶ್ಚರ್ಯವಿಲ್ಲ. "ಅವರನ್ನೂ ಇಳಿಸಿದ್ದು ನಮ್ಮ ಕೇಜೇ" ಎನ್ನುತ್ತಾರೆ.

ಇಷ್ಟೆಲ್ಲ ಇದ್ದೂ ನಮ್ಮ ಕಾನೂನಿನ ಕಣ್ಣಿಗೆ ಇದು ಬೀಳುವುದು ಸುಲಭವಲ್ಲ. ಪುರಾತನ ಸ್ಮಾರಕಗಳ 1958ರ ಕೇಂದ್ರ ಕಾಯ್ದೆ ಕನಿಷ್ಠ ನೂರು ವರ್ಷ ಹಳೆಯದಾದ ರಚನೆಗಳನ್ನು ಮಾತ್ರ ಸ್ಮಾರಕ ಎನ್ನುತ್ತದೆ. ದೇವಸ್ಥಾನಕ್ಕೆ, ಕೋಟೆಗೆ ಆ ಲೆಕ್ಕ ಸರಿ. ಕಾರ್ಖಾನೆಯ ಗುಣವೇ ಬೇರೆ. ಅದು ಬದುಕಿರುವಷ್ಟು ಕಾಲ ತನ್ನನ್ನೇ ತಾನು ಬದಲಿಸಿಕೊಳ್ಳುತ್ತಿರುತ್ತದೆ. 1905ರ ಗೋಡೆಯ ಒಳಗೆ 1930ರ ಎಂಜಿನ್, ಅದಕ್ಕೆ 1960ರ ಬ್ರೇಕು, 1985ರ ಸ್ವಿಚ್ಚು. ಇದರಲ್ಲಿ ಯಾವುದು ನೂರು ವರ್ಷದ್ದು ಎಂದು ಹುಡುಕುತ್ತ ಕುಳಿತರೆ ಅಷ್ಟರಲ್ಲಿ ತಾಮ್ರದ ತಂತಿಯೆಲ್ಲ ಗುಜರಿ ಸೇರಿರುತ್ತದೆ. ವಿಶ್ವ ಪರಂಪರೆಯ ಪಟ್ಟಿಯಲ್ಲಿ ಭಾರತದ ನಲವತ್ತಕ್ಕೂ ಹೆಚ್ಚು ತಾಣಗಳಿವೆ. ಅದರಲ್ಲಿ ಒಂದು ಗಣಿಯಿಲ್ಲ, ಒಂದು ಕಾರ್ಖಾನೆಯಿಲ್ಲ. ಯಂತ್ರಯುಗಕ್ಕೆ ಸೇರಿದ್ದು ಎಂದರೆ ಬೆಟ್ಟದ ರೈಲುಗಳು ಮತ್ತು ಮುಂಬೈಯ ಒಂದು ನಿಲ್ದಾಣ.

ಈಗ ಸ್ವಲ್ಪ ದೂರ ಹೋಗೋಣ. ಜಾನ್ ಟೇಲರ್ ಮನೆತನ ಗಣಿ ನಡೆಸುವುದನ್ನು ಚೆನ್ನಾಗಿ ಕಲಿತದ್ದು ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ. ಅಲ್ಲಿ ಇದ್ದದ್ದು ತಾಮ್ರ, ತವರ. ಅವುಗಳ ಬೆಲೆ ಬಿದ್ದು ಗಣಿಗಳು ಒಂದೊಂದಾಗಿ ಮುಚ್ಚಿದಾಗ ಅಲ್ಲಿಯ ಗಣಿಗಾರರು ಭೂಮಂಡಲದ ಮೂಲೆ ಮೂಲೆಗೆ ಚದುರಿದರು. ಕೆಲವರು ನಮ್ಮ ಕೆಜಿಎಫ್‌ಗೂ ಬಂದು ಮೇಸ್ತ್ರಿಗಳಾದರು. ಅಂದರೆ ಇವೆರಡೂ ಒಂದೇ ಹಗ್ಗದ ಎರಡು ತುದಿಗಳು. 2006ರಲ್ಲಿ ಕಾರ್ನ್‌ವಾಲ್ ಮತ್ತು ಪಶ್ಚಿಮ ಡೆವನ್‌ನ ಗಣಿ ಪ್ರದೇಶಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅವರ ಗಣಿ ವಿದ್ಯೆ ಜಗತ್ತಿಗೆಲ್ಲ ಹರಡಿತು ಎಂಬುದೂ ಆ ಗೌರವಕ್ಕೆ ಒಂದು ಕಾರಣ. ಹಗ್ಗದ ಆ ತುದಿಗೆ ಹಾರ ಬಿತ್ತು. ಈ ತುದಿ ಹಾಗೇ ಇದೆ.

ಹೊಟ್ಟೆಕಿಚ್ಚು ಪಡಲು ಇದು ಸಾಕು. ಆದರೆ ಅವರು ಹೇಗೆ ಉಳಿಸಿಕೊಂಡರು ಎಂದು ನೋಡಿದರೆ ಹೊಟ್ಟೆಕಿಚ್ಚಿಗಿಂತ ಉಪಯೋಗದ ಸಂಗತಿಗಳು ಸಿಗುತ್ತವೆ. ಗೀವರ್ ಎಂಬ ತವರದ ಗಣಿ 1990ರಲ್ಲಿ ಮುಚ್ಚಿತು. ಮರುವರ್ಷ ಪಂಪು ನಿಲ್ಲಿಸಿದರು, ಸುರಂಗಗಳಲ್ಲಿ ನೀರು ಏರಿತು. ಇಲ್ಲಿಯವರೆಗೆ ಕೆಜಿಎಫ್ ಕಥೆಯೇ. ಅಲ್ಲಿಂದ ಮುಂದೆ ಬೇರೆ. ಅಲ್ಲಿಯ ಜಿಲ್ಲಾಡಳಿತ ಇಡೀ ಜಾಗವನ್ನು ಕೊಂಡುಕೊಂಡು, 1993ರಲ್ಲಿ ಮ್ಯೂಸಿಯಂ ಎಂದು ಬಾಗಿಲು ತೆರೆಯಿತು. ಗಣಿಯಿಂದ ಮೇಲೆ ಬಂದ ಕಾರ್ಮಿಕರು ಸ್ನಾನ ಮಾಡಿ ಬಟ್ಟೆ ಬದಲಿಸುತ್ತಿದ್ದ ಕಟ್ಟಡವನ್ನು ಕೊನೆಯ ದಿನ ಹೇಗಿತ್ತೋ ಹಾಗೆ ಬಿಟ್ಟಿದ್ದಾರೆ. ಮೊಳೆಗೆ ತೂಗಿದ ಮೇಲಂಗಿ, ನೆಲದಲ್ಲಿ ಬೂಟು, ಗೋಡೆಯ ಮೇಲೆ ಗೀಚಿದ ಬರಹ. ಹೊಸದಾಗಿ ಕಟ್ಟುವುದಕ್ಕೆ ಹಣ ಬೇಕು. ಹಾಗೇ ಬಿಡುವುದಕ್ಕೆ ಹಣದ ಜೊತೆ ಸಂಯಮವೂ ಬೇಕು. ನಮ್ಮಲ್ಲಾಗಿದ್ದರೆ ಮೊದಲು ಟೈಲ್ಸ್ ಹಾಕಿಸುತ್ತಿದ್ದೆವು.

ಗೀವರ್ ಪಕ್ಕದಲ್ಲೇ ಲೆವಂಟ್ ಎಂಬ ಇನ್ನೊಂದು ಗಣಿ. ಅಲ್ಲಿಯ ಉಗಿ ಎಂಜಿನ್ 1930ರಲ್ಲಿ ನಿಂತಿತ್ತು. ಗುಜರಿಗೆ ಹೋಗಬೇಕಿದ್ದ ಅದನ್ನು ಆಸಕ್ತರ ಒಂದು ಗುಂಪು ಆಗಲೇ ಉಳಿಸಿತಾದರೂ ಅದು ಸುಮ್ಮನೆ ತುಕ್ಕು ಹಿಡಿಯುತ್ತ ನಿಂತಿತ್ತು. 1984ರಲ್ಲಿ ಒಂದಷ್ಟು ಜನ ಸ್ವಯಂಸೇವಕರು, ಹೆಚ್ಚಿನವರು ವಯಸ್ಸಾದವರು, ಅದನ್ನು ಬಿಚ್ಚಿ ಉಜ್ಜಿ ಜೋಡಿಸಲು ಕುಳಿತರು. ವರ್ಷಗಳ ಕಾಲ ಕೆಲಸ ನಡೆದು ಎಂಜಿನ್ ಮತ್ತೆ ಉಗಿಯಿಂದಲೇ ತಿರುಗಿತು. ಆ ಗುಂಪಿಗೆ ಬಿದ್ದ ಹೆಸರು ಗ್ರೀಸಿ ಗ್ಯಾಂಗ್. ನಾನು ಮಾವನಿಗೆ ಈ ಹೆಸರು ಹೇಳಿದಾಗ ಅವರು ಅರ್ಥ ಕೇಳಲಿಲ್ಲ. ಕಪಾಟಿನ ಕಡೆ ನೋಡಿದರು ಅಷ್ಟೆ.

ಇಂಗ್ಲಿಷಿನ ಹೆರಿಟೇಜ್ ಎಂಬ ಮಾತಿನ ಬೇರಿನಲ್ಲಿ ಪಿತ್ರಾರ್ಜಿತ ಆಸ್ತಿ ಇದೆ. ಅಪ್ಪ ಬಿಟ್ಟು ಹೋದದ್ದು, ನಮಗೆ ಸಿಕ್ಕಿದ್ದು, ಬೀಗ ಹಾಕಿ ಇಡಬಹುದಾದದ್ದು. ನಾವು ಅದಕ್ಕೆ ಪರಂಪರೆ ಎಂಬ ಪದವನ್ನು ಹೊಂದಿಸಿಕೊಂಡೆವು. ಗುರುಪರಂಪರೆ, ಘರಾನೆಯ ಪರಂಪರೆ ಎನ್ನುವಾಗ ಅಲ್ಲಿ ಇರುವುದು ವಸ್ತುವಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಹೋಗುವುದು ಅದರ ಜೀವ. ದಾಟದೆ ಹೋದರೆ ಸಂಗೀತದ ಪರಂಪರೆ ಮುಗಿಯಿತು ಎನ್ನುತ್ತೇವೆ, ತಂಬೂರಿ ಗೋಡೆಗೆ ಒರಗಿಕೊಂಡಿದ್ದರೂ. ವೈಂಡಿಂಗ್ ಎಂಜಿನ್ನಿಗೂ ಅದೇ ಮಾತು. ಮಾವ ಹೆಲ್ಪರ್ ಆಗಿ ಸೇರಿದಾಗ ಅವರಿಗೆ ಕಲಿಸಿದ್ದು ಹಳೆಯ ಫಿಟರ್ ಒಬ್ಬರು. ಮೊದಲ ಆರು ತಿಂಗಳು ಸ್ಪ್ಯಾನರ್ ಮುಟ್ಟಲು ಬಿಡದೆ ಬರೀ ಸದ್ದು ಕೇಳಿಸಿದರಂತೆ. ಬೇರಿಂಗ್ ಬಿಸಿಯಾಗುವ ಮೊದಲು ಸದ್ದು ಬದಲಾಗುತ್ತದೆ, ಅದು ಕಿವಿಗೆ ಗೊತ್ತಾಗಬೇಕು ಎಂದು. ಮಾವನಿಗೆ ಆ ಸದ್ದು ಗೊತ್ತು. ಅವರಿಂದ ಕಲಿಯಬೇಕಾದ ಹೆಲ್ಪರ್ 2001ರ ಮಾರ್ಚ್‌ನಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದಕ್ಕೆ ಕಾವಲುಗಾರನಾಗಿ ಸೇರಿದ.

ಹಾಗಾದರೆ ಸರ್ಕಾರದ ಹಣ ಎಲ್ಲಿ ಬೀಳಬೇಕು? ನಮ್ಮಲ್ಲಿ ಸರ್ಕಾರಿ ಹಣಕ್ಕೆ ಒಂದು ಸ್ವಭಾವವಿದೆ. ಅದು ಕಾಮಗಾರಿಯ ರೂಪದಲ್ಲಿ ಬರುತ್ತದೆ. ಅಂದಾಜು ಪಟ್ಟಿ, ಟೆಂಡರ್, ಗುದ್ದಲಿಪೂಜೆ, ಬಿಲ್ಲು, ಉದ್ಘಾಟನೆ. ಕಾಮಗಾರಿಗೆ ಆರಂಭವಿದೆ, ಮುಕ್ತಾಯವಿದೆ, ಫೋಟೊ ಇದೆ. ನಿರ್ವಹಣೆಗೆ ಇವು ಮೂರೂ ಇಲ್ಲ. ಪ್ರತಿ ವಾರ ಎಣ್ಣೆ ಹಾಕುವವನಿಗೆ ಯಾರೂ ಹಾರ ಹಾಕುವುದಿಲ್ಲ. ಆತನ ಸಂಬಳಕ್ಕೆ ವರ್ಷ ವರ್ಷ ಹಣ ಎತ್ತಿಡುವುದು ಬಜೆಟ್ ಭಾಷಣದಲ್ಲಿ ಓದುವಷ್ಟು ಸೊಗಸಾದ ಸಾಲೂ ಅಲ್ಲ. ಆದರೆ ಕಬ್ಬಿಣಕ್ಕೆ ನಮ್ಮ ಹಣಕಾಸು ವರ್ಷ ತಿಳಿಯುವುದಿಲ್ಲ, ಅದು ಮಳೆಗಾಲದ ಲೆಕ್ಕದಲ್ಲಿ ತುಕ್ಕು ಹಿಡಿಯುತ್ತದೆ. ಉಳಿಸುವ ಹಣವೆಂದರೆ ಮುಖ್ಯವಾಗಿ ನಿರ್ವಹಣೆಯ ಹಣ. ಕಟ್ಟುವ ಹಣ ಅದರ ಒಂದು ಸಣ್ಣ ಪಾಲು. ಇದನ್ನು ಒಪ್ಪದೆ ಹೊರಟ ಯಾವ ಯೋಜನೆಯೂ ಐದು ಮಳೆಗಾಲ ದಾಟುವುದಿಲ್ಲ ಎಂದು ನನ್ನ ಅಂದಾಜು.

ನಿರ್ವಹಣೆಯ ಹಣದ ದೊಡ್ಡ ಉದಾಹರಣೆ ಬೇಕಿದ್ದರೆ ಜರ್ಮನಿಯ ರೂರ್ ಪ್ರಾಂತ್ಯ. ಕಲ್ಲಿದ್ದಲು ಮತ್ತು ಉಕ್ಕಿನ ನಾಡು. ಎಸ್ಸೆನ್ ನಗರದ ತ್ಸೋಲ್‌ಫೆರೈನ್ ಗಣಿ 1986ರಲ್ಲಿ ಮುಚ್ಚಿದಾಗ ಅಲ್ಲಿಯ ರಾಜ್ಯ ಸರ್ಕಾರ ಅದನ್ನು ಕೊಂಡಿತು. 2001ರಲ್ಲಿ, ನಮ್ಮ ಗಣಿ ಮುಚ್ಚಿದ ಅದೇ ವರ್ಷ, ಅದು ವಿಶ್ವ ಪರಂಪರೆಯ ತಾಣವಾಯಿತು. ಕಲ್ಲಿದ್ದಲು ತೊಳೆಯುತ್ತಿದ್ದ ಕಟ್ಟಡ ಈಗ ಮ್ಯೂಸಿಯಂ. ಡ್ಯೂಸ್‌ಬರ್ಗ್‌ನಲ್ಲಿ 1985ರಲ್ಲಿ ನಿಂತ ಉಕ್ಕಿನ ಕಾರ್ಖಾನೆಯೊಂದನ್ನು ಕೆಡವದೆ, ಪೀಟರ್ ಲಾಟ್ಸ್ ಎಂಬ ಭೂದೃಶ್ಯ ವಿನ್ಯಾಸಕ ಅದರ ಸುತ್ತಲೇ ಉದ್ಯಾನ ಮಾಡಿದರು. ಊದುಕುಲುಮೆಯ ಮೇಲೆ ಹತ್ತಿ ಊರು ನೋಡಬಹುದು. ಹಳೆಯ ಅನಿಲ ಸಂಗ್ರಾಹಕದಲ್ಲಿ ನೀರು ತುಂಬಿಸಿ ಡೈವಿಂಗ್ ಕಲಿಸುತ್ತಾರೆ. ಇಂಥವನ್ನೆಲ್ಲ ಪೋಣಿಸಿ 1999ರಲ್ಲಿ ಸುಮಾರು 400 ಕಿಲೋಮೀಟರ್ ಉದ್ದದ ಪ್ರವಾಸ ಮಾರ್ಗವೊಂದನ್ನು ಮಾಡಿದರು.

ಇಲ್ಲಿಯವರೆಗಿನ ಕಥೆಯನ್ನು ಅಧ್ಯಯನ ಪ್ರವಾಸಕ್ಕೆ ಹೋಗಿ ಬಂದ ಯಾರಾದರೂ ಹೇಳಿಯಾರು. ಫೋಟೊಗಳು ಚೆನ್ನಾಗಿ ಬರುತ್ತವೆ. ಅವರು ಹೇಳದೆ ಬಿಡುವುದು ಎರಡು ಸಂಗತಿ. ಒಂದು, ಆ ಕೆಲಸದ ನಡುಮಧ್ಯೆ ಇದ್ದದ್ದು ಒಂದು ಹೊಳೆ. ಎಂಷರ್ ಎಂಬ ಆ ಹೊಳೆ ನೂರು ವರ್ಷ ಇಡೀ ಪ್ರಾಂತ್ಯದ ಬಯಲು ಚರಂಡಿಯಾಗಿತ್ತು. ಗಣಿಯಿಂದಾಗಿ ನೆಲ ಕುಸಿಯುತ್ತಿದ್ದುದರಿಂದ ಒಳಚರಂಡಿ ಹಾಕುವಂತಿರಲಿಲ್ಲ. 1989ರಿಂದ ಹತ್ತು ವರ್ಷ ನಡೆದ ಪುನರುಜ್ಜೀವನ ಯೋಜನೆಗೆ ಹೆಸರಿಟ್ಟದ್ದೇ ಆ ಹೊಳೆಯದು. ಹೊಳೆಗೆ ಕೊಳಚೆ ಬೀಳುವುದು ಪೂರ್ತಿ ನಿಂತದ್ದು 2021ರ ಕೊನೆಗೆ. ಖರ್ಚು 500 ಕೋಟಿ ಯೂರೋಗೂ ಮೇಲೆ. ಎರಡನೆಯದು, ಪಂಪು. ಗಣಿ ಮುಚ್ಚಿದರೂ ಅಲ್ಲಿ ಪಂಪು ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಕುಸಿದ ನೆಲದ ಮೇಲಿನ ಊರುಗಳಿಗೆ ನೀರು ನುಗ್ಗುತ್ತದೆ, ಗಣಿಯ ಕೊಳಕು ನೀರು ಕುಡಿಯುವ ನೀರನ್ನು ಸೇರುತ್ತದೆ. ಜರ್ಮನರು ಇದಕ್ಕೆ ಇಟ್ಟ ಹೆಸರು 'ಅನಂತಕಾಲದ ಕೆಲಸಗಳು'. 2018ರ ಡಿಸೆಂಬರ್‌ನಲ್ಲಿ ಅಲ್ಲಿಯ ಕೊನೆಯ ಕಲ್ಲಿದ್ದಲು ಗಣಿ ಮುಚ್ಚಿತು. ಅದಕ್ಕೆ 11 ವರ್ಷ ಮೊದಲೇ, 2007ರಲ್ಲಿ, ಈ ಕೆಲಸಗಳಿಗೆ ಹಣ ಒದಗಿಸಲೆಂದೇ ಒಂದು ಪ್ರತಿಷ್ಠಾನ ಮಾಡಿಟ್ಟಿದ್ದರು.

ಅನಂತಕಾಲ ಎಂಬ ಪದವನ್ನು ಒಂದು ಲೆಕ್ಕದ ಪುಸ್ತಕದಲ್ಲಿ ಬರೆದು, ಅದರ ಮುಂದೆ ಮೊತ್ತ ಬರೆಯುವುದಕ್ಕೆ ಎಂಥ ಧೈರ್ಯ ಬೇಕು ನೋಡಿ.

ಕೆಜಿಎಫ್‌ನಲ್ಲಿ ಪಂಪು ನಿಂತಿತು. ಶಾಫ್ಟುಗಳು ತುಂಬಿಕೊಂಡವು. ಹಾಗಾಗಿ ಪ್ರವಾಸಿಗರನ್ನು ಕೇಜ್‌ನಲ್ಲಿ ಕೂರಿಸಿ ಚಾಂಪಿಯನ್ ರೀಫ್ ತೋರಿಸುವ ಕನಸನ್ನು ಇನ್ನು ಬಿಡಬೇಕು. ನೆಲದ ಮೇಲಿರುವುದರಲ್ಲಿ ದೊಡ್ಡದು ಸಯನೈಡ್ ದಿಬ್ಬಗಳೇ. ಬೇಸಿಗೆಯ ಗಾಳಿಗೆ ಅವುಗಳ ದೂಳು ಏಳುತ್ತದೆ. ಒಣಗಲು ಹಾಕಿದ ಬಟ್ಟೆ, ತೆರೆದಿಟ್ಟ ಅನ್ನ, ಕಿಟಕಿಯ ಸರಳು ಎಲ್ಲದರ ಮೇಲೂ ಸಣ್ಣ ಬೂದು ಪದರ. ದೂರದಿಂದ ಬಂದವರಿಗೆ ಮರುಭೂಮಿಯಂತೆ ಕಾಣುವ ಅದರ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವ ಆಸೆ. ಕೆಳಗಿನ ಲೈನ್ ಮನೆಗಳವರಿಗೆ, ಗಣಿ ಕಾರ್ಮಿಕರ ಸಾಲುಮನೆಗಳವರಿಗೆ, ಅದು ಕೆಮ್ಮು. ಅದರಲ್ಲಿ ಇನ್ನೂ ಅಷ್ಟಿಷ್ಟು ಚಿನ್ನ ಉಳಿದಿದೆ. ಹದಿಮೂರು ದಿಬ್ಬಗಳನ್ನು ಮತ್ತೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಹಾಗೆ ಆದರೆ ಆಗಲಿ. ಆದರೆ ಆ ಚಿನ್ನದ ಆದಾಯದಲ್ಲಿ ಒಂದು ಪಾಲು ಇದೇ ಊರಿನ ಅನಂತಕಾಲದ ಕೆಲಸಗಳಿಗೆ ಎಂದು ಮೊದಲೇ ಬರೆದಿಡಬೇಕೆಂಬುದು ನನ್ನ ಹಟ. ದೂಳು ಅಡಗಿಸುವುದು, ಕುಡಿಯುವ ನೀರು, ಎದೆಯಲ್ಲಿ ಕಲ್ಲಿನ ದೂಳು ತುಂಬಿಕೊಂಡ ಮುದುಕರ ಔಷಧಿ. ಮ್ಯೂಸಿಯಂ ಇವುಗಳ ನಂತರ. ರೂರ್‌ನಲ್ಲಿ ಹೊಳೆಗೆ ಸಿಕ್ಕ ಜಾಗ ಇಲ್ಲಿ ದಿಬ್ಬಕ್ಕೆ ಸಿಗಬೇಕು.

ಶಾಲೆಗೆ ಸೂರಿಲ್ಲದಾಗ ತುಕ್ಕು ಹಿಡಿದ ಕಬ್ಬಿಣಕ್ಕೆ ಹಣವೇಕೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಎಲ್ಲವನ್ನೂ ಉಳಿಸಬೇಕೆಂದು ನಾನು ಹೇಳುವುದಿಲ್ಲ. ಒಂದು ಹೆಡ್‌ಗಿಯರ್, ಒಂದು ಎಂಜಿನ್ ಮನೆ, ಒಂದು ಸಾಲು ಲೈನ್ ಮನೆ. ಇಷ್ಟು ಸಾಕು, ನಿಜವಾಗಿ ನೋಡಿಕೊಂಡರೆ. ಉಳಿದದ್ದು ಜನರಿಗೆ ಬೇಕಾದಂತೆ ಬದಲಾಗಲಿ.

ಲೈನ್ ಮನೆಯನ್ನು ನಾನು ಬೇಕೆಂದೇ ಸೇರಿಸಿದ್ದೇನೆ. ನಮ್ಮಲ್ಲಿ ಗಣಿಯ ಪರಂಪರೆ ಎಂದರೆ ಕಣ್ಣಿಗೆ ಬರುವುದು ಸಾಹೇಬರ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ, 'ಪುಟ್ಟ ಇಂಗ್ಲೆಂಡ್' ಎಂಬ ಅಡ್ಡಹೆಸರು. ಬಂಗಲೆಯ ಹೆಂಚು ಪರಂಪರೆ. ಲೈನ್ ಮನೆಯ ತಟ್ಟಿ ಕೊಳೆಗೇರಿ. ಗಣಿಗೆ ಇಳಿದವರಲ್ಲಿ ಬಹಳ ಮಂದಿ ಉತ್ತರ ಆರ್ಕಾಟಿನ ಕಡೆಯಿಂದ ಬಂದ, ತಮಿಳು ಮಾತಾಡುವ ದಲಿತರು. ಒಂದೇ ಕೋಣೆಯ ಮನೆಗಳಲ್ಲಿ ಇದ್ದವರು. 1930ರಲ್ಲಿ, ಎಲ್ಲರ ಬೆರಳಚ್ಚು ತೆಗೆದು ದಾಖಲಿಸುತ್ತೇವೆ ಎಂದು ಕಂಪನಿ ಹೊರಟಾಗ, ನಮ್ಮನ್ನೇನು ಕಳ್ಳರೆಂದುಕೊಂಡಿರಾ ಎಂದು ಕೆಲಸ ನಿಲ್ಲಿಸಿದವರು. ಬಂಡೆ ತಾನಾಗಿ ಸಿಡಿಯುವ ರಾಕ್ ಬರ್ಸ್ಟ್‌ಗಳಲ್ಲಿ ಸತ್ತವರು. ಈ ಕಥೆ ಹೇಳದ ಮ್ಯೂಸಿಯಂ ಚಿನ್ನದಂಗಡಿಯ ಜಾಹೀರಾತಾಗುತ್ತದೆ. ಜಪಾನಿನ ಹಾಶಿಮಾ ದ್ವೀಪದ ಗಣಿ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರುವಾಗ, ಅಲ್ಲಿ ಬಲವಂತದಿಂದ ದುಡಿಸಿಕೊಂಡ ಕೊರಿಯನ್ನರ ಕಥೆಯನ್ನೂ ಹೇಳುತ್ತೇವೆಂದು ಜಪಾನ್ ಮಾತು ಕೊಟ್ಟಿತ್ತು. 2021ರಲ್ಲಿ, ಕೊಟ್ಟ ಮಾತು ಪೂರ್ತಿ ನಡೆದಿಲ್ಲ ಎಂದು ವಿಶ್ವ ಪರಂಪರೆಯ ಸಮಿತಿಯೇ ವಿಷಾದ ವ್ಯಕ್ತಪಡಿಸಬೇಕಾಯಿತು. ಅರ್ಧ ಕಥೆ ಹೇಳಿ ಟಿಕೆಟ್ ಮಾರುವುದು ಅವರಿಗೂ ಸುಲಭ, ನಮಗೂ ಸುಲಭ.

ಟಿಕೆಟ್ಟಿನ ಮಾತು ಬಂತಲ್ಲ. ಪ್ರವಾಸೋದ್ಯಮ ಬಂದರೆ ಖರ್ಚು ತಾನಾಗಿ ಹೊರಡುತ್ತದೆ ಎಂಬುದು ಎಲ್ಲ ಯೋಜನಾ ವರದಿಗಳ ಕೊನೆಯ ಪುಟದ ಆಶ್ವಾಸನೆ. ವೇಲ್ಸ್‌ನ ಬ್ಲೈನಾವನ್‌ನಲ್ಲಿ ಬಿಗ್ ಪಿಟ್ ಎಂಬ ಕಲ್ಲಿದ್ದಲು ಗಣಿ ಇದೆ. 1980ರಲ್ಲಿ ಮುಚ್ಚಿ, 1983ರಲ್ಲಿ ನೋಡುಗರಿಗೆ ತೆರೆದದ್ದು. ಅಲ್ಲಿ 90 ಮೀಟರ್ ಆಳಕ್ಕೆ ನಿಜವಾದ ಕೇಜ್‌ನಲ್ಲೇ ಇಳಿಸುತ್ತಾರೆ. ಇಳಿಯುವ ಮೊದಲು ಬೆಂಕಿಪೊಟ್ಟಣ, ಮೊಬೈಲ್, ಕೈಗಡಿಯಾರ ಎಲ್ಲ ಕೊಟ್ಟು ಹೋಗಬೇಕು. ನಾಟಕಕ್ಕಲ್ಲ, ಅದು ಈಗಲೂ ಗಣಿಯ ನಿಯಮಗಳಿಗೆ ಒಳಪಟ್ಟ ಗಣಿಯೇ, ಅನಿಲವಿರುವ ಜಾಗ. ಹೆಲ್ಮೆಟ್ಟು, ತಲೆದೀಪ, ಸೊಂಟಕ್ಕೆ ಬ್ಯಾಟರಿ. ಕರೆದುಕೊಂಡು ಹೋಗುವವರು ಹಿಂದೆ ಗಣಿಯಲ್ಲಿ ದುಡಿದವರು. 2001ರಲ್ಲಿ ಅಲ್ಲಿಗೆ ಪ್ರವೇಶ ಉಚಿತವಾಯಿತು. ವೇಲ್ಸ್‌ನ ರಾಷ್ಟ್ರೀಯ ಮ್ಯೂಸಿಯಂನ ಭಾಗವಾದ ಮೇಲೆ ಖರ್ಚಿನ ದೊಡ್ಡ ಪಾಲು ಸರ್ಕಾರದ್ದು. ಅಂದರೆ ಅಷ್ಟು ಹೆಸರುವಾಸಿಯಾದ ಜಾಗವೂ ಟಿಕೆಟ್ಟಿನಿಂದ ಬದುಕಿಲ್ಲ. ನೋಡಲು ಬಂದವರು ಊಟ ಮಾಡುತ್ತಾರೆ, ಉಳಿದುಕೊಳ್ಳುತ್ತಾರೆ, ಆ ಹಣ ಊರಿಗೆ ಹೋಗುತ್ತದೆ. ಬೇರಿಂಗಿಗೆ ಗ್ರೀಸು ಬೊಕ್ಕಸದಿಂದಲೇ ಬರಬೇಕು.

ಇದು ನಮ್ಮಿಂದಾಗದ್ದು ಎಂದುಕೊಳ್ಳಬೇಕಾಗಿಲ್ಲ. ಮೆಟ್ಟುಪಾಳ್ಯದಿಂದ ಊಟಿಗೆ ಹೋಗುವ 46 ಕಿಲೋಮೀಟರಿನ ನೀಲಗಿರಿ ರೈಲು 2005ರಿಂದ ವಿಶ್ವ ಪರಂಪರೆ. ಹಲ್ಲುಹಳಿಯ ಮೇಲೆ ಏರುವ ಅದರ ಉಗಿ ಎಂಜಿನ್‌ಗಳು ಹಳತಾದಾಗ ರೈಲ್ವೆಯವರು ಅವನ್ನು ಗಾಜಿನ ಹಿಂದೆ ನಿಲ್ಲಿಸಿ ಕೈತೊಳೆದುಕೊಳ್ಳಲಿಲ್ಲ. ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಯಾಗಾರದಲ್ಲಿ ಅದೇ ಮಾದರಿಯ ಹೊಸ ಉಗಿ ಎಂಜಿನ್‌ಗಳನ್ನೇ ಕಟ್ಟಿದರು, ಈ ಶತಮಾನದಲ್ಲಿ! ಕಟ್ಟುವಾಗ ಹಳಬರು ಹೊಸಬರಿಗೆ ಕಲಿಸಿರಲೇಬೇಕು. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ 1912ರದ್ದು, ಸರ್ಕಾರದ್ದೇ; ಇವತ್ತಿಗೂ ಸೀರೆ ನೇಯುತ್ತಿದೆ. ಶಿವನಸಮುದ್ರದ ವಿದ್ಯುದಾಗಾರವೂ ಇನ್ನೂ ಕೆಲಸದಲ್ಲಿದೆ. ಕೆಲಸ ಮಾಡುತ್ತಿರುವ ಯಂತ್ರಕ್ಕೆ ಯಾರೂ ಪರಂಪರೆ ಎಂಬ ಹಣೆಪಟ್ಟಿ ಅಂಟಿಸುವುದಿಲ್ಲ. ನಿಂತ ಮೇಲೆ ಹುಡುಕಿಕೊಂಡು ಬರುತ್ತೇವೆ. ಭದ್ರಾವತಿಯಲ್ಲಿ 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, ಕಲ್ಲಿದ್ದಲಿಲ್ಲದ ನಾಡಿನಲ್ಲಿ ಸೌದೆಯ ಇದ್ದಿಲಿನಿಂದ ಕಬ್ಬಿಣ ಕರಗಿಸಿದ ಕಾರ್ಖಾನೆ, ನೂರು ವರ್ಷ ತುಂಬಿದ ವರ್ಷವೇ ಮುಚ್ಚುವ ಮಾತು ಕೇಳಿತು. ಅಲ್ಲಿ ಹಳಬರಿಗೆ ಗೊತ್ತಿರುವುದನ್ನು ಈಗಲೇ, ಅವರಿರುವಾಗಲೇ, ಯಾರಾದರೂ ಕೂತು ಬರೆದುಕೊಳ್ಳುತ್ತಿದ್ದಾರೆಯೇ? ಅದಕ್ಕೆ ತಗಲುವ ಹಣ ಒಂದು ಪ್ರವೇಶದ್ವಾರದ ಸಿಮೆಂಟಿಗೂ ಸಾಲದಷ್ಟು.

ಹೋದ ತಿಂಗಳು ಮಾವನ ಮಾತು ಬರೆದುಕೊಳ್ಳೋಣವೆಂದು ಹೋದೆ. ಅವರಿಗೆ ಈಗ ಕಿವಿ ಮಂದ. ಬೇರಿಂಗಿನ ಸದ್ದು ಹೇಗಿರುತ್ತಿತ್ತು ಹೇಳಿ ಎಂದೆ. ಬಹಳ ಹೊತ್ತು ಯೋಚಿಸಿ, ಅದನ್ನು ಹೇಳಲು ಬರುವುದಿಲ್ಲ, ಎಂಜಿನ್ ಇದ್ದರೆ ತೋರಿಸಬಹುದಿತ್ತು ಎಂದರು. ನಾನು ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕೆಂದು ತಿಳಿಯದೆ ದಿನಾಂಕ ಬರೆದೆ. ಆಮೇಲೆ ಅವರಿಗೇ ಪಾಪ ಅನ್ನಿಸಿತೇನೋ, ಗಂಟೆಯ ಸಂಕೇತಗಳನ್ನಾದರೂ ಬರೆದುಕೋ ಎಂದರು. ಶಾಫ್ಟಿನ ಕೆಳಗಿನಿಂದ ಎಂಜಿನ್ ಮನೆಗೆ ಬರುತ್ತಿದ್ದ ಗಂಟೆ. ನಿಂತಿರುವಾಗ ಒಂದು ಹೊಡೆದರೆ ಎತ್ತು. ಓಡುತ್ತಿರುವಾಗ ಒಂದು ಹೊಡೆದರೆ ನಿಲ್ಲಿಸು. ಎರಡು ಹೊಡೆದರೆ ಇಳಿಸು.

"ಮೂರು?" ಎಂದೆ.

ಮುಂದಿದ್ದ ಕಾಫಿ ಲೋಟವನ್ನು ಎಡಗೈಯಲ್ಲಿ ಹಿಡಿದು, ಚಮಚದಿಂದ ಮೂರು ಸಲ, ಒಂದೊಂದಕ್ಕೂ ಸರಿಸಮ ಬಿಡುವು ಕೊಟ್ಟು, ಹೊಡೆದರು. "ಜನ ಹತ್ತುತ್ತಿದ್ದಾರೆ, ಹುಷಾರು ಅಂತ" ಎಂದರು. ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು, ಮುಂದಿನ ಗಂಟೆಗೆ ಕಾಯುವವರಂತೆ.

"ಒಂದು ಸಲ ಕರೆದರೆ ಸಾಕು, ಕೇಳಿಸುತ್ತದೆ" ಎಂದರು ಅತ್ತೆ ಅಡುಗೆಮನೆಯಿಂದ. "ಕಾಫಿ ತರುತ್ತಿದ್ದೇನೆ."